ಕಸಿಯಾದ ಮೇಲೆ: ಮಾತ್ರೆಯನ್ನೂ ಬಿಡಬೇಡಿ, ತಪಾಸಣೆಯನ್ನೂ ಬಿಡಬೇಡಿ

ಕಿಡ್ನಿ ಕಸಿ ಮಾಡಿಸಿಕೊಂಡವರು ಆಸ್ಪತ್ರೆಯ ಒಪಿಡಿಯಲ್ಲಿ ಎದುರಾದರೆ ಮೊದಲು ಕೇಳುವುದು, ‘ಕ್ರಿಯಾಟಿನಿನ್ ಎಷ್ಟು ಬಂತು?’ ಎಂದು. ಅಕ್ಕ ಕೊಟ್ಟ ಕಿಡ್ನಿಯೊಂದಿಗೆ ಹನ್ನೊಂದನೇ ವರ್ಷದಲ್ಲಿರುವ ನಾನೂ ಅದನ್ನೇ ಕೇಳುತ್ತೇನೆ. ಆದರೆ ಕ್ಯಾನ್ಸರ್ ಎಂಬ ಮಾತು ಬಂದರೆ ಎಲ್ಲರೂ ವಿಷಯ ಬದಲಿಸುತ್ತಾರೆ. ಹೆದರಿ ಸುಮ್ಮನಿರುವುದಕ್ಕಿಂತ ತಿಳಿದುಕೊಂಡಿರುವುದು ಮೇಲು ಎಂದು ಇದನ್ನು ಬರೆಯುತ್ತಿದ್ದೇನೆ.

1954ರಲ್ಲಿ ಬೋಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದಾಗ, ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳು. ಹಾಗಾಗಿ ದೇಹ ಆ ಕಿಡ್ನಿಯನ್ನು ಹೊರಗಿನದೆಂದು ತಿಳಿಯಲಿಲ್ಲ. ಉಳಿದ ನಮಗೆಲ್ಲ ಆ ಭಾಗ್ಯವಿಲ್ಲ. ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್, ಪ್ರೆಡ್ನಿಸೊಲೋನ್‌ನಂಥ ಮಾತ್ರೆಗಳಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಇಡಬೇಕು.

ತೊಡಕು ಇರುವುದು ಇಲ್ಲೇ. ಹೊರಗಿನದನ್ನು ಓಡಿಸುವ ಆ ಶಕ್ತಿಯೇ, ದೇಹದೊಳಗೆ ದಾರಿ ತಪ್ಪಿದ ಜೀವಕೋಶಗಳನ್ನೂ ಬೆಳೆಯುವ ಮೊದಲೇ ಹೊಸಕಿ ಹಾಕುತ್ತದೆ. ಮಾತ್ರೆ ಒಂದು ಕೆಲಸವನ್ನು ಮಾತ್ರ ನಿಲ್ಲಿಸಲಾರದು. ಜೊತೆಗೆ, ಕ್ಯಾನ್ಸರ್ ತರಬಲ್ಲ ಕೆಲವು ವೈರಸ್‌ಗಳಿಗೂ ಕಡಿವಾಣ ಸಡಿಲವಾಗುತ್ತದೆ: ಎಪ್‌ಸ್ಟೀನ್-ಬಾರ್ ವೈರಸ್‌ನಿಂದ ಲಿಂಫೋಮಾ, ಎಚ್‌ಪಿವಿಯಿಂದ ಗರ್ಭಕಂಠದ ಕ್ಯಾನ್ಸರ್, ಹೆಪಟೈಟಿಸ್ ಬಿ ಮತ್ತು ಸಿ ಇಂದ ಲಿವರ್ ಕ್ಯಾನ್ಸರ್.

ಅಪಾಯ ಎಷ್ಟು? 1987ರಿಂದ 2008ರವರೆಗೆ ಅಮೆರಿಕದಲ್ಲಿ ನಡೆದ 1,75,000ಕ್ಕೂ ಹೆಚ್ಚು ಕಸಿಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ, ಒಟ್ಟಾರೆ ಕ್ಯಾನ್ಸರ್ ಸಾಮಾನ್ಯ ಜನರಿಗಿಂತ ಸುಮಾರು 2 ಪಟ್ಟು ಕಂಡುಬಂತು. ಲಿಂಫೋಮಾದ ಒಂದು ಬಗೆ 7 ಪಟ್ಟಿಗೂ ಹೆಚ್ಚು. ಆದರೆ ಸ್ತನ ಮತ್ತು ಪ್ರೋಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿರಲಿಲ್ಲ. ಪಾಶ್ಚಾತ್ಯ ದೇಶಗಳ ಬಿಳಿ ಚರ್ಮದವರಲ್ಲಿ ಚರ್ಮದ ಕ್ಯಾನ್ಸರ್ ಹತ್ತಾರು ಪಟ್ಟು ಹೆಚ್ಚು. ನಮ್ಮ ಮೈಬಣ್ಣದವರಿಗೆ ಅದು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅಜಥಿಯೋಪ್ರಿನ್ ನುಂಗುವವರ ಚರ್ಮಕ್ಕೆ ಬಿಸಿಲು ಇನ್ನಷ್ಟು ತಾಗುತ್ತದೆ.

‘ಹಾಗಾದರೆ ಮಾತ್ರೆ ಕಡಿಮೆ ಮಾಡೋಣ’ ಎಂದು ಮನಸ್ಸು ಹೇಳಬಹುದು. ನನ್ನ ಪರಿಚಯದವರೊಬ್ಬರು ಹೀಗೇ ಹೆದರಿ, ಯಾರಿಗೂ ಹೇಳದೆ ಡೋಸ್ ಅರ್ಧ ಮಾಡಿಕೊಂಡರು. ರಿಜೆಕ್ಷನ್ ಆಗಿ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದಾರೆ. ಡೋಸ್ ಇಳಿಸುವುದು, ಸಿರೋಲಿಮಸ್‌ನಂಥ ಬೇರೆ ಮಾತ್ರೆಗೆ ಬದಲಿಸುವುದು ಡಾಕ್ಟರ್ ರಕ್ತಪರೀಕ್ಷೆ ನೋಡಿ ಮಾಡುವ ತೀರ್ಮಾನ.

ನಮ್ಮ ಕೈಯಲ್ಲಿರುವುದು ತಪಾಸಣೆ. ವರ್ಷಗಳು ಕಳೆದಂತೆ ಅಪಾಯ ಕೂಡುತ್ತಾ ಹೋಗುತ್ತದೆ. ಆದರೆ ‘ಈಗ ಚೆನ್ನಾಗಿದ್ದೇನಲ್ಲ’ ಎಂದು ನಾವು ಆಸ್ಪತ್ರೆಗೆ ಹೋಗುವುದು ಕಡಿಮೆಯಾಗುವುದೂ ಆಗಲೇ. ಕಳೆದ ಸಲ ನಾನೇ ಕೇಳಿದೆ, ‘ಸಾರ್, ಚರ್ಮ ಒಮ್ಮೆ ತೋರಿಸಲೇ?’ ಡಾಕ್ಟರು ಚೀಟಿ ಬರೆದುಕೊಟ್ಟರು. ಪರೀಕ್ಷೆ ಹತ್ತು ನಿಮಿಷದಲ್ಲಿ ಮುಗಿಯಿತು. ಹೆಂಗಸರು ಗರ್ಭಕಂಠದ ತಪಾಸಣೆ ಎಷ್ಟು ದಿನಕ್ಕೊಮ್ಮೆ ಬೇಕೆಂದು ಕೇಳಬೇಕು. ಕಿಡ್ನಿ ಕಸಿಯಾದವರ ಹಳೆಯ ಕಿಡ್ನಿಗಳು ಸಾಮಾನ್ಯವಾಗಿ ಒಳಗೇ ಇರುತ್ತವೆ. ಅವುಗಳಲ್ಲೂ ಗಡ್ಡೆ ಬೆಳೆಯಬಹುದು, ಸ್ಕ್ಯಾನ್ ಬೇಕೇ ಎಂದು ವಿಚಾರಿಸಿ. ವಾಸಿಯಾಗದ ಹುಣ್ಣು, ಕುತ್ತಿಗೆ ಅಥವಾ ಕಂಕುಳಲ್ಲಿ ಗಂಟು, ಕಾರಣವಿಲ್ಲದ ಜ್ವರ, ತೂಕ ಇಳಿಯುವುದು: ಇವಕ್ಕೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಊರೂರು ಅಲೆಯುವ ನಮ್ಮಂಥವರಿಗೆ ಇನ್ನೊಂದು ಕಷ್ಟವಿದೆ. ಆಪರೇಷನ್ ಬೆಂಗಳೂರಿನಲ್ಲಿ, ನೌಕರಿ ಪುಣೆಯಲ್ಲಿ, ಮುಂದಿನ ವರ್ಗಾವಣೆ ಹೈದರಾಬಾದಿಗೆ. ಹೊಸ ಡಾಕ್ಟರಿಗೆ ಹಳೆಯದು ಗೊತ್ತಿರುವುದಿಲ್ಲ. ಕಸಿಗೆ ಮುಂಚಿನ ವೈರಸ್ ಪರೀಕ್ಷೆಗಳು, ಯಾವ ಮಾತ್ರೆ ಎಷ್ಟು ವರ್ಷ ನುಂಗಿದ್ದು, ಟ್ಯಾಕ್ರೊಲಿಮಸ್ ಮಟ್ಟ, ಹಳೆಯ ಸ್ಕ್ಯಾನ್ ಮತ್ತು ಬಯಾಪ್ಸಿ ವರದಿಗಳು ಒಂದೇ ಫೈಲಿನಲ್ಲಿರಲಿ, ಫೋನಿನಲ್ಲೂ ಒಂದು ಪ್ರತಿ ಇರಲಿ. ಮನೆ ಬದಲಿಸುವಾಗ ಆ ಫೈಲನ್ನು ಪ್ಯಾಕರ್ಸ್ ಲಾರಿಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.