ಮಧುಮೇಹದ ಮಾತ್ರೆಯೂ ಜಠರದ ಹುಣ್ಣೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಭಕ್ತರ ಮನೆಗಳಲ್ಲಿ ಹೊಟ್ಟೆಯುರಿ ಕಂಡೊಡನೆ ಹಿರಿಯರು ಮಧುಮೇಹದ ಮಾತ್ರೆಯನ್ನೇ ನಿಲ್ಲಿಸುವುದನ್ನು ನಾವು ಕಂಡಿದ್ದೇವೆ. ಇದು ತರವಲ್ಲ. ರಕ್ತದಲ್ಲಿ ಸಕ್ಕರೆ ಏರಿದರೆ ಜಠರದ ಹುಣ್ಣು ಮಾಯುವುದು ತಡವಾಗುತ್ತದೆ.

ಹುಣ್ಣಿಗೆ ಮುಖ್ಯ ಕಾರಣಗಳೆರಡು: ಮಾರ್ಷಲ್, ವಾರೆನ್ ಎಂಬ ಆಸ್ಟ್ರೇಲಿಯದ ವೈದ್ಯರು 1982ರಲ್ಲಿ ಬೆಳೆಸಿ ತೋರಿದ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣು, ಮತ್ತು ದಿನವೂ ನುಂಗುವ ಕೀಲುನೋವಿನ ಗುಳಿಗೆ. ಮೆಟ್‌ಫಾರ್ಮಿನ್ ಮಾತ್ರೆ ಹೊಟ್ಟೆ ತೊಳಸುವುದುಂಟು, ಅದು ಹುಣ್ಣಲ್ಲ. ಪಿಯೋಗ್ಲಿಟಜೋನ್ ಎಂಬ ಮಾತ್ರೆ ಇಲಿಗಳಲ್ಲಿ ಹುಣ್ಣನ್ನು ಬೇಗ ಮಾಯಿಸಿದೆ. ಮನುಷ್ಯರಿಗೆ ಅದು ಹುಣ್ಣಿನ ಮದ್ದಲ್ಲ.

ಇಷ್ಟಲಿಂಗಪೂಜೆ ಮುಗಿಸಿ ಪ್ರಸಾದ ಸ್ವೀಕರಿಸುವಾಗ ಮೆಟ್‌ಫಾರ್ಮಿನ್ ಸೇವಿಸಿರಿ. ಉರಿ ನಿಲ್ಲದಿದ್ದರೆ ವೈದ್ಯರನ್ನು ಕೇಳಿರಿ. ತಾವಾಗಿ ಮಾತ್ರೆ ಬಿಡದಿರಿ. ಮಲ ಕಪ್ಪಾದರೆ, ರಕ್ತ ವಾಂತಿಯಾದರೆ ಕೂಡಲೇ ಆಸ್ಪತ್ರೆಗೆ ತೆರಳಿರಿ.