ತೋಟದ ಹೆಬ್ಬಲಸು, ಹೊಳೆಯ ದೋಣಿ

ಕೃಷಿ ಸಲಕರಣೆಗಳ ಪಟ್ಟಿ ಮಾಡಿ ಎಂದರೆ ಹಾರೆ, ಪಿಕ್ಕಾಸು, ಕತ್ತಿ, ದೋಟಿ, ಔಷಧಿ ಹೊಡೆಯುವ ಪಂಪು ಎಂದು ಬರೆಯುತ್ತಾ ಹೋಗುತ್ತೇವೆ. ದೋಣಿ ಅದರಲ್ಲಿ ಬರುವುದೇ ಇಲ್ಲ. ಅದು ಮೀನುಗಾರರದ್ದು ಅಂತ ನಮ್ಮ ಲೆಕ್ಕ. ಉಡುಪಿ ಕಡೆಯ ಕುದ್ರುಗಳಲ್ಲಿ, ಹೊನ್ನಾವರ, ಕುಮಟಾದ ಕುರ್ವೆಗಳಲ್ಲಿ ಬೇಸಾಯ ಮಾಡುವವರನ್ನು ಕೇಳಿ ನೋಡಿ. ಸೇತುವೆ ಇಲ್ಲದ ಕಡೆ ಗೊಬ್ಬರ ಒಳಗೆ ಬರಬೇಕಾದರೂ ತೆಂಗಿನಕಾಯಿ ಹೊರಗೆ ಹೋಗಬೇಕಾದರೂ ದೋಣಿಯೇ ಗತಿ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆದವರಿಗೂ ದೋಣಿ ಹೊಸತಲ್ಲ.

ಕೇರಳದ ಕುಟ್ಟನಾಡಿನಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು. ಬೀಜ, ಗೊಬ್ಬರ, ಆಳು, ಕೊಯ್ದ ಭತ್ತ, ಬದು ಕಟ್ಟುವ ಕೆಸರು ಎಲ್ಲವನ್ನೂ ಅಲ್ಲಿ ತಲೆಮಾರುಗಳಿಂದ ಹೊತ್ತದ್ದು ಮರದ ದೋಣಿ. ನಮಗೆ ಎತ್ತಿನ ಗಾಡಿ ಇದ್ದಂತೆ ಅವರಿಗೆ ಅದು.

ದೋಣಿಯ ಬಗ್ಗೆ ಕೃಷಿ ಪತ್ರಿಕೆಯಲ್ಲಿ ಬರೆಯಲು ಇನ್ನೂ ಒಂದು ಕಾರಣ ಉಂಟು. ಹಳೆಯ ಕ್ರಮದ ದೋಣಿಯನ್ನು ಬಿಚ್ಚಿ ನೋಡಿದರೆ ಅದರಲ್ಲಿ ಇರುವುದೆಲ್ಲ ನಮ್ಮದೇ ಬೆಳೆ. ಹಲಗೆ ಹಿತ್ತಲಿನ ಮರದ್ದು. ಹಗ್ಗ ತೆಂಗಿನದ್ದು. ಬಳಿದ ಎಣ್ಣೆ ಗೇರು ಸಿಪ್ಪೆಯದ್ದು. ತಳ್ಳುವ ಗಳ ಬಿದಿರಿನದ್ದು.

ಮರ ಯಾವುದು?

ಹಿಂದೆ ಸಣ್ಣ ದೋಣಿ ಎಂದರೆ ಒಂದೇ ಮರದ್ದು. ದಪ್ಪ ಮಾವಿನ ಮರ ಉರುಳಿಸಿ, ಹೊರಮೈ ರೂಪಿಸಿ, ಒಳಗಿನ ತಿರುಳನ್ನು ಕೊಡಲಿ, ಬಾಚಿ, ಉಳಿಯಿಂದ ಕೆತ್ತಿ ತೆಗೆಯುವುದು. ನಮ್ಮ ಕರಾವಳಿಯ ಪಾತಿ ದೋಣಿಗಳು ಈ ಜಾತಿಯವು. ಮಾವು ಕೆತ್ತಲು ಸುಲಭ, ಆದರೆ ಬಾಳಿಕೆ ಕಮ್ಮಿ. ಎರಡು ಜನ ತಬ್ಬುವಂಥ ಮಾವಿನ ಮರಗಳು ಖಾಲಿಯಾದಂತೆ ಇಡೀ ಮರದ ದೋಣಿಯೂ ಅಪರೂಪವಾಯಿತು. ಹಲಗೆ ಜೋಡಿಸಿದ ದೋಣಿಗೆ ಅಷ್ಟು ದಪ್ಪ ಮರ ಬೇಡ.

ಹಲಗೆಗೆ ಪಶ್ಚಿಮ ಕರಾವಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರು ಪಡೆದದ್ದು ಹೆಬ್ಬಲಸು. ಕೆಲವು ಕಡೆ ಹೆಸುವ, ತುಳುವಿನಲ್ಲಿ ಪೆಜಕಾಯಿ ಮರ, ಮಲಯಾಳಿಗಳ ಆಂಜಿಲಿ. ಕಾಯಿ ಪುಟ್ಟ ಹಲಸಿನಂತೆ. ಮರ ನೆಟ್ಟಗೆ, ಎತ್ತರಕ್ಕೆ ಹೋಗುತ್ತದೆ. ತಿರುಳು ನೀರಿಗೆ ಜಗ್ಗುವುದಿಲ್ಲ, ಗೆದ್ದಲಿಗೂ ಸುಲಭಕ್ಕೆ ಬಗ್ಗುವುದಿಲ್ಲ. ನೂರಾರು ಜನ ಹುಟ್ಟು ಹಾಕುವ ಕೇರಳದ ಸ್ಪರ್ಧೆಯ ಹಾವು ದೋಣಿಗಳಿಗೂ ಇದೇ ಮರ.

ಇದು ನಿನ್ನೆ ಮೊನ್ನೆಯ ಅನುಭವ ಅಲ್ಲ. ಕೊಡುಂಗಲ್ಲೂರಿನ ಹತ್ತಿರದ ಪಟ್ಟಣಂ ಎಂಬ ಊರಿನಲ್ಲಿ 2007ರಲ್ಲಿ ಭೂಮಿ ಅಗೆದಾಗ ಹಳೆಯ ಬಂದರುಕಟ್ಟೆಯ ಪಕ್ಕ ಸುಮಾರು 6 ಮೀಟರ್ ಉದ್ದದ ದೋಣಿಯೊಂದು ಸಿಕ್ಕಿತು. ಸುಮಾರು 2000 ವರ್ಷ ಹಳೆಯದು. ಪರೀಕ್ಷೆ ಮಾಡಿದಾಗ ಅದು ಹೆಬ್ಬಲಸಿನದ್ದೆಂದು ಗೊತ್ತಾಯಿತು.

ಮೊಳೆ ಇಲ್ಲ, ಹೊಲಿಗೆ ಉಂಟು

ದೋಣಿ ಕಟ್ಟುವ ಕಾರ್ಖಾನೆ ಎಂದರೆ ಹೆಚ್ಚೇನಿಲ್ಲ. ಹೊಳೆದಂಡೆಯಲ್ಲಿ ಒಂದು ಮಡಲಿನ ಚಪ್ಪರ, ನಾಲ್ಕಾರು ಹತಾರ, ಇಬ್ಬರು ಮೂವರು ಆಚಾರಿಗಳು. ಕಾಗದದ ನಕ್ಷೆ ಇರುವುದಿಲ್ಲ. ಕೋಲು, ಅಂಗುಲದ ಲೆಕ್ಕ, ಅದೂ ತಲೆಯೊಳಗೆ. ಎಷ್ಟು ಉದ್ದಕ್ಕೆ ಎಷ್ಟು ಅಗಲ, ಮೂತಿ ಎಷ್ಟು ಏರಬೇಕು ಎಂಬುದನ್ನು ಅಪ್ಪನ ಪಕ್ಕ ನಿಂತು ಕಲಿತವರು ಅವರು.

ಮೊದಲು ಅಡಿಯ ಉದ್ದ ಮರ. ಅದರ ಎರಡೂ ಪಕ್ಕ ಹಲಗೆ ಏರಿಸುತ್ತಾ ಹೋಗುವುದು. ಹಲಗೆ ಬಾಗಬೇಕಲ್ಲ? ಒದ್ದೆ ಮಾಡಿ, ಬೆಂಕಿಯ ಶಾಖ ಕೊಟ್ಟು, ಹಗ್ಗ ಬಿಗಿದು ನಿಧಾನಕ್ಕೆ ಬಗ್ಗಿಸುತ್ತಾರೆ. ಅವಸರ ಮಾಡಿದರೆ ಸೀಳುತ್ತದೆ.

ಎರಡು ಹಲಗೆಗಳ ಅಂಚು ಕೂಡುವಲ್ಲಿ ಕುಟ್ಟನಾಡಿನ ಕಟ್ಟುದೋಣಿಗೆ ಮೊಳೆ ಹೊಡೆಯುವುದಿಲ್ಲ. ಅಂಚಿನುದ್ದಕ್ಕೂ ಬೈರಿಗೆಯಿಂದ ಜೋಡಿ ತೂತು ಕೊರೆಯುತ್ತಾರೆ. ಸಂದಿಯ ಮೇಲೆ ತೆಂಗಿನ ನಾರಿನ ಸಿಂಬೆ ಇಟ್ಟು, ತೂತಿನಿಂದ ತೂತಿಗೆ ತೆಂಗಿನ ಹುರಿ ಹಾಯಿಸಿ ಎಳೆದು ಬಿಗಿಯುತ್ತಾರೆ. ಗೋಣಿ ಹೊಲಿದ ಹಾಗೆಯೇ. ಕೊನೆಗೆ ತೂತುಗಳನ್ನು ನಾರು ತುರುಕಿ ಮುಚ್ಚುತ್ತಾರೆ. ಹಸಿ ಸಿಪ್ಪೆಯನ್ನು ಹಿನ್ನೀರಿನಲ್ಲಿ ಆರರಿಂದ ಹತ್ತು ತಿಂಗಳು ಕೊಳೆಹಾಕಿ ತೆಗೆದ ನಾರು ಇದಕ್ಕೆ ಒಳ್ಳೆಯದು.

ಹೊಲಿಗೆ ಯಾಕೆ? ಕಬ್ಬಿಣದ ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ, ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಹೊಲಿದ ದೋಣಿ ಅಲೆ ಬಡಿದಾಗ ಸ್ವಲ್ಪ ಬಳುಕುತ್ತದೆ, ಸೀಳುವುದಿಲ್ಲ. ಒಂದು ಹಲಗೆ ಹಾಳಾಯಿತು ಅನ್ನಿ, ಹುರಿ ಕತ್ತರಿಸಿ ಆ ಹಲಗೆ ಮಾತ್ರ ಬದಲಿಸಿದರಾಯ್ತು. ಹುರಿ ಹಳತಾದಾಗ ಮರುಹೊಲಿಗೆ ಬೇಕು, ಅದೊಂದು ಖರ್ಚು. ಹಾಗಾಗಿ ಈಗ ಹಲವರು ತಾಮ್ರದ ಮೊಳೆಗೆ ಹೋಗಿದ್ದಾರೆ.

ಕಡೆಯ ಕೆಲಸ ಗೇರು ಸಿಪ್ಪೆಯ ಎಣ್ಣೆ ಬಳಿಯುವುದು. ದೋಣಿಗಳು ಕಪ್ಪಗೆ ಮಿರುಗುವುದು ಇದರಿಂದ. ಬೂತಾಯಿಯ ಮೀನೆಣ್ಣೆ ಬಳಿಯುವವರೂ ಇದ್ದಾರೆ. ಗೇರೆಣ್ಣೆ ಮರಕ್ಕೆ ಹುಳ ಬಾರದಂತೆ ಕಾಯುತ್ತದೆ, ಆದರೆ ನಮ್ಮ ಚರ್ಮವನ್ನು ಸುಡುತ್ತದೆ. ಗೇರುಬೀಜ ಸುಲಿದವರಿಗೆ ಹೇಳಬೇಕಾಗಿಲ್ಲ. ಕೈಗವಸು ಹಾಕಿಯೇ ಬಳಿಯಿರಿ.

ಫೈಬರ್ ಬಂದ ಮೇಲೆ

ಈಗ ಕಡವುಗಳಲ್ಲಿ ಕಾಣುವುದು ಹೆಚ್ಚಾಗಿ ಫೈಬರ್ ದೋಣಿ. ಅದನ್ನು ದೂರಿ ಪ್ರಯೋಜನ ಇಲ್ಲ. ಹಗುರ, ವರ್ಷ ವರ್ಷ ಎಣ್ಣೆ ಬೇಡ, ಹುಳು ತಿನ್ನುವುದಿಲ್ಲ. ಕೆಲಸದವರು ಸಿಗದ ಕಾಲದಲ್ಲಿ ಇವು ಸಣ್ಣ ಗುಣಗಳಲ್ಲ. ಆದರೆ ಅದರ ರಾಳ, ನಾರು ಎಲ್ಲ ಹೊರಗಿನಿಂದ ಬರಬೇಕು. ಹಳತಾದರೆ ಒಲೆಗೂ ಆಗುವುದಿಲ್ಲ, ಗೊಬ್ಬರಕ್ಕೂ ಇಲ್ಲ. ಮರದ ದೋಣಿಗೆ ಕೊಟ್ಟ ಹಣ ಮರ ಬೆಳೆದವನಿಗೆ, ಹಗ್ಗ ಹೊಸೆದ ಹೆಂಗಸರಿಗೆ, ಆಚಾರಿಗೆ ಹಂಚಿಹೋಗುತ್ತಿತ್ತು. ಊರಿನಲ್ಲೇ ಉಳಿಯುತ್ತಿತ್ತು.

ಮರದ ದೋಣಿ ಹಿಂದೆ ಬಿದ್ದದ್ದು ಫೈಬರಿನಿಂದ ಮಾತ್ರ ಅಲ್ಲ. ಬೇಕಾದ ಮರ ಬೇಕಾದಾಗ ಸಿಗದೆ ಹೋಯಿತು. ಮರ ಇಲ್ಲದ ಮೇಲೆ ಆಚಾರಿ ಮನೆ ಕೆಲಸಕ್ಕೆ, ಪೀಠೋಪಕರಣಕ್ಕೆ ಹೋದ. ಮಗನಿಗೆ ದೋಣಿ ಕಟ್ಟಿ ತೋರಿಸಲು ದೋಣಿಯೇ ಇಲ್ಲ. ಬರಹದಲ್ಲಿ ಇಲ್ಲದ ವಿದ್ಯೆ ಒಂದು ತಲೆಮಾರು ಬಿಟ್ಟರೆ ಮುಗಿಯಿತು. ಮರವನ್ನು ಮತ್ತೆ ನೆಡಬಹುದು, ಲೆಕ್ಕವನ್ನು ನೆಡಲಾಗುವುದಿಲ್ಲ.

ರಬ್ಬರ್ ಕೃಷಿಕರು ಗಮನಿಸಬೇಕಾದ ಒಂದು ಸಂಗತಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರಬ್ಬರ್ ಮರದಿಂದ ಸಣ್ಣ ದೋಣಿ ಮಾಡಿ ತೋರಿಸಿದೆ. ರಬ್ಬರ್ ಮರ ಹಾಗೆಯೇ ಬಳಸಿದರೆ ಬೂಷ್ಟು, ಹುಳಕ್ಕೆ ಬೇಗ ತುತ್ತಾಗುತ್ತದೆ. ಅದಕ್ಕೆ ರಾಸಾಯನಿಕ ಉಣಿಸಿ, ಮೇಲೆ ಫೈಬರ್ ಹೊದಿಕೆ ಕೊಟ್ಟರು. ಉಣಿಸುವ ಮದ್ದಿನಲ್ಲಿ ಆರ್ಸೆನಿಕ್ ಇರುವುದರಿಂದ ಇದು ಮನೆಯಂಗಳದಲ್ಲಿ ಮಾಡುವ ಕೆಲಸ ಅಲ್ಲ. ಹಾಲು ನಿಂತ ಮರಕ್ಕೆ ಸೌದೆಗಿಂತ ಒಳ್ಳೆಯ ದಾರಿ ಉಂಟು ಎಂಬುದಂತೂ ಗೊತ್ತಾಯಿತು.

ದೋಣಿ ಇದ್ದವರಿಗೆ

* ದಡಕ್ಕೆ ಎಳೆದ ದೋಣಿಯನ್ನು ಬಿಸಿಲಿಗೆ ಬಿಡಬೇಡಿ. ಒಣಗಿದ ಹಲಗೆ ಬಿರಿಯುತ್ತದೆ. ಮಡಲಿನ ನೆರಳು ಸಾಕು.
* ಮಳೆಗಾಲಕ್ಕೆ ಮುಂಚೆ ಚೆನ್ನಾಗಿ ಒಣಗಿದ ಮೈಗೆ ಎಣ್ಣೆ ಕೊಡಿ. ಒದ್ದೆ ಮರ ಎಣ್ಣೆ ಹೀರುವುದಿಲ್ಲ.
* ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಇರುತ್ತದೆ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಪೂರಾ ಟೊಳ್ಳು. ಸಿಹಿನೀರಿನಲ್ಲಿ ಅದು ಬದುಕದು. ಆಗಾಗ ಕೆಲವು ವಾರ ಮೇಲ್ಹೊಳೆಗೆ ಒಯ್ದು ಕಟ್ಟಿ, ಇಲ್ಲವೇ ದಡಕ್ಕೆ ಹಾಕಿ.

ತೋಟ ಇದ್ದವರಿಗೆ

ಹೆಬ್ಬಲಸಿನ ಹಣ್ಣು ಮಳೆಗಾಲದ ಹೊಸ್ತಿಲಲ್ಲಿ ಉದುರುತ್ತದೆ. ಬೀಜವನ್ನು ಒಣಗಿಸಿ ಇಟ್ಟರೆ ಮೊಳಕೆ ಸತ್ತುಹೋಗುತ್ತದೆ, ಹಣ್ಣು ತಿಂದ ಬೆನ್ನಿಗೇ ಬಿತ್ತಬೇಕು. ಗಡಿಯಲ್ಲಿ ನೆಟ್ಟು, ಕೆಳಗಿನ ಕೊಂಬೆಗಳನ್ನು ಎಳೆಯದರಲ್ಲೇ ಸವರಿದರೆ ಕಾಂಡ ಗಂಟಿಲ್ಲದೆ ಏರುತ್ತದೆ. ದೋಣಿಗೆ ಬೇಕಾದ್ದು ಅಂಥದ್ದೇ. ಮರ ಬೆಳೆಯುವ ತನಕ ಜಾಗ ದಂಡ ಅನ್ನಬೇಡಿ, ಕಾಳುಮೆಣಸಿನ ಬಳ್ಳಿ ಹಬ್ಬಿಸಬಹುದು. ಹಣ್ಣು ಮಕ್ಕಳಿಗೆ, ಬೀಜ ಹುರಿದರೆ ದೊಡ್ಡವರಿಗೆ.

ಬಲಿತ ಮರ ಈಗಾಗಲೇ ಇದ್ದರೆ ವ್ಯಾಪಾರಿ ಹೇಳಿದ ದರಕ್ಕೆ ಒಪ್ಪುವ ಮುಂಚೆ ಹತ್ತಿರದ ಹೊಳೆಬದಿಯಲ್ಲಿ ದೋಣಿ ಕಟ್ಟುವವರು ಇದ್ದಾರೆಯೇ ಎಂದು ವಿಚಾರಿಸಿ. ಕಡಿಯುವುದಕ್ಕೂ ಸಾಗಿಸುವುದಕ್ಕೂ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. 1976ರ ಮರ ಸಂರಕ್ಷಣಾ ಕಾಯ್ದೆ ನಮ್ಮ ಜಮೀನಿನ ಮರಕ್ಕೂ ಅನ್ವಯಿಸುತ್ತದೆ.

ನಿಮ್ಮೂರಿನಲ್ಲಿ ದೋಣಿ ಕಟ್ಟುವ ಹಿರಿಯರು ಇದ್ದರೆ ಅವರ ಕೋಲು, ಅಂಗುಲದ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪತ್ರಿಕೆಗೂ ಒಂದು ಪ್ರತಿ ಕಳಿಸಿ.