ವಿಮಾನ ನಿಲ್ದಾಣದ ಕರಾರು: ಸಹಿ ಬೀಳುವ ಮೊದಲು ಓದಿ ಹೇಳುವವರು ಯಾರು?

ಸ್ಟೇಟ್‌ಬ್ಯಾಂಕಿನಿಂದ ಕಾವೂರು, ಮರವೂರು ದಾಟಿ ಬಜ್ಪೆಗೆ ಹೋಗುವ ಬಸ್ಸಿನಲ್ಲಿ, ಮಿಂಚುವ ಪಟ್ಟಿಯ ಜಾಕೆಟ್ ಮಡಚಿ ತೊಡೆಯ ಮೇಲಿಟ್ಟುಕೊಂಡು ತೂಕಡಿಸುವ ಹುಡುಗರನ್ನು ನೀವು ನೋಡಿರಬಹುದು. ಏರ್‌ಪೋರ್ಟಿನಲ್ಲಿ ಕೆಲಸ ಅಂದ ಕೂಡಲೇ ನಮ್ಮವರ ಕಣ್ಣಿಗೆ ಬೀಳುವುದು ಪೈಲಟ್ಟು, ಗಗನಸಖಿ. ನಿಮ್ಮ ದುಬೈ ಭಾವನ ಹಗ್ಗ ಬಿಗಿದ ಪೆಟ್ಟಿಗೆಯನ್ನು ವಿಮಾನದ ಹೊಟ್ಟೆಯಿಂದ ಇಳಿಸುವವನು, ಏಣಿ ತಂದು ನಿಲ್ಲಿಸುವವನು, ಬ್ಯಾಗಿನ ಗಾಡಿ ಎಳೆಯುವ ಟ್ರ್ಯಾಕ್ಟರಿನ ಡ್ರೈವರು, ಕೌಂಟರಿನಲ್ಲಿ ಕೂತು ತೂಕ ನೋಡಿ ನಮ್ಮಿಂದ ಬೈಸಿಕೊಳ್ಳುವ ಹುಡುಗಿ, ಇವರೆಲ್ಲ ನೆಲದ ಮೇಲಿನವರು. ಇವರಿಲ್ಲದೆ ವಿಮಾನ ಹಾರುವುದಿಲ್ಲ.

ಇವರ ಸಂಬಳ, ಪಾಳಿ, ಓವರ್‌ಟೈಮು ಎಲ್ಲವೂ ಒಂದು ಕಾಗದದಲ್ಲಿ ನಿಂತಿದೆ. ಅದಕ್ಕೆ ಕರಾರು ಅನ್ನುತ್ತಾರೆ. ಆಡಳಿತದವರೂ ಸಂಘದ ಮುಖಂಡರೂ ಮುಂಬಯಿಯಲ್ಲೋ ದಿಲ್ಲಿಯಲ್ಲೋ ಬಾಗಿಲು ಹಾಕಿಕೊಂಡು ಅದನ್ನು ಮಾಡುತ್ತಾರೆ. ಹೊರಗೆ ನಿಂತವನಿಗೆ ಸಿಗುವುದು ಎರಡೇ ಮಾತು: ‘ಮಾತುಕತೆ ನಡೆದಿದೆ’, ‘ಮಾತುಕತೆ ಮುಗಿಯಿತು’. ನಡುವೆ ಏನಾಯಿತು ಮಾರಾಯ್ರೇ ಅಂತ ಕೇಳಿದರೆ, ನಿನಗೆ ಲೀಡರ್ ಮೇಲೆ ನಂಬಿಕೆ ಇಲ್ಲವಾ ಅಂತ ತಿರುಗಿ ಕೇಳುತ್ತಾರೆ.

ಇದು ಇವತ್ತಿನ ಜಗಳ ಅಲ್ಲ. 1953ರಲ್ಲಿ ವಿಮಾನ ಕಂಪನಿಗಳು ರಾಷ್ಟ್ರೀಕರಣವಾದ ಮೇಲೆ ಸಂಘಗಳು ಗಟ್ಟಿಯಾದವು. 1973ರ ಕೊನೆಗೆ ಇಂಡಿಯನ್ ಏರ್‌ಲೈನ್ಸ್ ಆಡಳಿತ ಲಾಕೌಟ್ ಸಾರಿತು. ಆಗ ಚೇರ್ಮನ್ ಆಗಿದ್ದವರು 1971ರ ಯುದ್ಧದಲ್ಲಿ ವಾಯುಸೇನೆ ನಡೆಸಿದ್ದ ಪಿ.ಸಿ. ಲಾಲ್. ಯುದ್ಧ ಗೆದ್ದವರಿಗೂ ನೆಲದ ನೌಕರರ ಜೊತೆಗಿನ ತಂಟೆ ಸುಲಭ ಆಗಲಿಲ್ಲ.

ಆಮೇಲೆ ಬಂತು ಪಿಎಲ್‌ಐ. ಕೆಲಸದ ಪ್ರಮಾಣ ನೋಡಿ ಕೊಡುವ ಪ್ರೋತ್ಸಾಹ ಹಣ ಅಂತ ಹೆಸರು. ಒಂದೊಂದು ಸಂಘದ ಜೊತೆ ಒಂದೊಂದು ಕರಾರು. ಇಂಜಿನಿಯರಿಗೆ ಒಂದು ಲೆಕ್ಕ, ಪೈಲಟ್ಟಿಗೆ ಇನ್ನೊಂದು, ಲೋಡರಿಗೆ ಮತ್ತೊಂದು. ಬರಬರುತ್ತಾ ಅದು ಸಂಬಳದ ದೊಡ್ಡ ಪಾಲೇ ಆಯಿತು. ಪಕ್ಕದವನ ಲೆಕ್ಕ ಇವನಿಗೆ ಗೊತ್ತಿಲ್ಲ, ಇವನದು ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಗುಮಾನಿ ಹುಟ್ಟುತ್ತದೆ, ಅದಕ್ಕೆ ಯಾರೂ ಗೊಬ್ಬರ ಹಾಕಬೇಕಾಗಿಲ್ಲ. 2007ರಲ್ಲಿ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಎರಡನ್ನೂ ಕೂಡಿಸಿದಾಗ ಈ ಗಂಟುಗಳೆಲ್ಲ ಒಂದೇ ಚೀಲಕ್ಕೆ ಬಿದ್ದವು. ಅದನ್ನು ಬಿಡಿಸಲು 2011ರಲ್ಲಿ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿಯೇ ಬೇಕಾಯಿತು.

ಅಂಗಡಿಯವರಿಗೆ ಇದರಲ್ಲಿ ಏನು ಅಂತ ಕೇಳಬಹುದು. 2009ರಲ್ಲಿ ಏರ್ ಇಂಡಿಯಾ ಜೂನ್ ತಿಂಗಳ ಸಂಬಳವನ್ನು ಹದಿನೈದು ದಿನ ಮುಂದೆ ಹಾಕಿತು. ಹದಿನೈದು ದಿನ ಅಂದರೆ ಕಾಗದದಲ್ಲಿ ಸಣ್ಣದು. ಜಿನಸಿ ಅಂಗಡಿಯ ಸಾಲದ ಪುಸ್ತಕದಲ್ಲಿ ಅದು ಎಷ್ಟು ದೊಡ್ಡದು ಅನ್ನುವುದು ಗಲ್ಲಾದಲ್ಲಿ ಕೂತವರಿಗೆ ಗೊತ್ತು. ‘ಸಂಬಳ ಆದ ಮೇಲೆ ಕೊಡ್ತೇನೆ’ ಅನ್ನುವ ಮಾತಿನ ಬೆಲೆ ಆ ಕರಾರಿನಲ್ಲೇ ಉಂಟು.

ಇನ್ನು ನಮ್ಮ ಊರು ಮರೆಯದ ವಿಷಯ. 2010ರ ಮೇ 22, ಬೆಳಿಗ್ಗೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದಂಚಿನಿಂದ ಕೆಳಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ಹೋದರು. ಹೆಣಗಳ ಗುರುತಿಗೆ ಡಿಎನ್‌ಎ ಪರೀಕ್ಷೆ ಇನ್ನೂ ನಡೆಯುತ್ತಿತ್ತು. ಮೂರನೇ ದಿನ, ಮೇ 25ರಂದು, ಏರ್ ಇಂಡಿಯಾದ ನೆಲದ ನೌಕರರೂ ಇಂಜಿನಿಯರುಗಳೂ ದೇಶದಲ್ಲೆಲ್ಲ ಕೆಲಸ ನಿಲ್ಲಿಸಿದರು. ಪತ್ರಿಕೆಯವರ ಮುಂದೆ ಬಾಯಿ ಬಿಡಬಾರದು ಅಂತ ಆಡಳಿತ ಆಜ್ಞೆ ಮಾಡಿದೆ, ಅದಕ್ಕೇ ಈ ಮುಷ್ಕರ ಎಂದು ಸಂಘಗಳು ಹೇಳಿದವು.

ಊರಿಗೆ ಊರೇ ಬೈಯಿತು. ಬೈಯದೆ ಇರುವುದು ಹೇಗೆ? ಸೂತಕದ ಮನೆಯ ಮುಂದೆ ಜಗಳ ತೆಗೆದ ಹಾಗಾಯಿತು. ದಿಲ್ಲಿ ಹೈಕೋರ್ಟು ತಡೆದ ಮೇಲೆ ಮಾರನೇ ದಿನ ಮುಷ್ಕರ ನಿಂತಿತು. ಆಡಳಿತ ಬಿಡಲಿಲ್ಲ. ಏರ್ ಕಾರ್ಪೊರೇಷನ್ಸ್ ಎಂಪ್ಲಾಯೀಸ್ ಯೂನಿಯನ್ನಿಗೂ ಇಂಜಿನಿಯರುಗಳ ಸಂಘಕ್ಕೂ ಇದ್ದ ಮಾನ್ಯತೆ ಕಿತ್ತು ಹಾಕಿತು, ಮುಖಂಡರನ್ನು ವಜಾ ಮಾಡಿತು.

ಮುಷ್ಕರದ ಹೊತ್ತು ತಪ್ಪು ಅಂತ ಈ ಅಂಕಣಕಾರನೂ ಹೇಳುತ್ತಾನೆ. ಆದರೆ ಆ ದಿನ ಬೈದವರು ಒಂದು ವಿಷಯ ಗಮನಿಸಲಿಲ್ಲ. ಮಾನ್ಯತೆ ಹೋಗುವುದು ಅಂದರೆ ಮಾತುಕತೆಯ ಕೋಣೆಯ ಕುರ್ಚಿಯೇ ಹೋಗುವುದು. ಮುಖಂಡ ಮಾಡಿದ್ದಕ್ಕೆ ಕುರ್ಚಿ ಕಳೆದುಕೊಂಡವನು ಏಣಿ ತಳ್ಳುವವನು. ಮುಷ್ಕರ ಬೇಕಾ ಬೇಡವಾ ಅಂತ ಎಷ್ಟು ಮಂದಿಯನ್ನು ಕೇಳಿದ್ದರೋ, ಕುರ್ಚಿ ತೆಗೆಯುವಾಗಲೂ ಅಷ್ಟೇ ಮಂದಿಯನ್ನು ಕೇಳಿರಬೇಕು!

ಎಲ್ಲ ಹೊರಗೆ ಹೇಳಿಕೊಂಡು ಮಾತುಕತೆ ಮಾಡಲಿಕ್ಕಾಗುತ್ತದಾ ಅನ್ನುವ ಇನ್ನೊಂದು ವಾದವೂ ಉಂಟು. ಹಠಕ್ಕೆ ಬಿದ್ದು ಹೇಳುವ ಮಾತಲ್ಲ ಅದು. ಶೇಕಡಾ ಹತ್ತಕ್ಕೆ ಒಪ್ಪುತ್ತೇವೆ ಅಂತ ಮೊದಲೇ ಗೊತ್ತಾದರೆ ಆಡಳಿತ ಎಂಟರಲ್ಲಿ ನಿಲ್ಲುತ್ತದೆ. ಅರ್ಧ ಬೆಂದ ಸುದ್ದಿ ಹೊರಬಿದ್ದರೆ ಎದುರಾಳಿ ಸಂಘದವರು ಅದನ್ನೇ ಹಿಡಿದು ಮೈಕು ಕಟ್ಟುತ್ತಾರೆ. ಇಸ್ಪೀಟಿನಲ್ಲಿ ಎಲೆ ತೋರಿಸಿ ಆಡುವವನು ಗೆದ್ದದ್ದುಂಟಾ?

ಸರಿ. ಆದರೆ ಜಾತ್ರೆಯ ದನದ ವ್ಯಾಪಾರ ನೋಡಿ. ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ದಲ್ಲಾಳಿ ರೇಟು ಕುದುರಿಸುತ್ತಾನೆ, ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಅಲ್ಲಿಯವರೆಗೆ ಗುಟ್ಟು. ಹಗ್ಗ ಕೈ ಬದಲಾಯಿಸುವ ಮುಂಚೆ ಮಾತ್ರ ಎತ್ತಿನ ಯಜಮಾನನ ಕಿವಿಯಲ್ಲಿ ಮೊತ್ತ ಹೇಳಲೇಬೇಕು, ಅವನು ‘ಆಯ್ತು’ ಅನ್ನಲೇಬೇಕು. ನೆಲದ ನೌಕರರು ಕೇಳುವುದೂ ಟವೆಲು ತೆಗೆಯಿರಿ ಅಂತಲ್ಲ. ಹಗ್ಗ ಕೊಡುವ ಮುಂಚೆ ಕೇಳಿ ಅಂತ.

ಅಮೆರಿಕದಲ್ಲಿ ಹೀಗೆ ಕೇಳುತ್ತಾರೆ. ಅಮೆರಿಕನ್ ಏರ್‌ಲೈನ್ಸಿನ ಬ್ಯಾಗು ಎತ್ತುವವರು, ಮೆಕ್ಯಾನಿಕ್ಕುಗಳು ಎಲ್ಲ ಸೇರಿ 30 ಸಾವಿರಕ್ಕೂ ಹೆಚ್ಚು ಮಂದಿಯ ಕರಾರಿನ ಮಾತುಕತೆ 2015ರ ಕೊನೆಗೆ ಶುರುವಾಯಿತು. ನಾಲ್ಕು ವರ್ಷ ಎಳೆಯಿತು. ಅಲ್ಲೂ ಕೋಣೆಯ ಬಾಗಿಲು ಮುಚ್ಚಿತ್ತು, ಅಲ್ಲೂ ಗೊಣಗಾಟ ಇತ್ತು. 2019ರಲ್ಲಿ ಬೇಕೆಂದೇ ನಿಧಾನ ಕೆಲಸ ಮಾಡುತ್ತಾರೆ ಅಂತ ಕಂಪನಿ ಕೋರ್ಟಿಗೆ ಹೋಯಿತು. ಕೊನೆಗೆ 2020ರ ಜನವರಿಯಲ್ಲಿ ಕರಡು ತಯಾರಾಯಿತು. ಅದು ತಕ್ಷಣ ಕರಾರಾಗಲಿಲ್ಲ. ಸದಸ್ಯರ ಮುಂದೆ ಇಟ್ಟು ಮತ ತೆಗೆದುಕೊಂಡರು, ಮಾರ್ಚ್ 26ರಂದು ಪಾಸಾಯಿತು. ಪಾಸಾಗದ ಉದಾಹರಣೆಯೂ ಉಂಟು: 2016ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ಮೆಕ್ಯಾನಿಕ್ಕುಗಳು ಶೇಕಡಾ 93 ಮತಗಳಿಂದ ಕರಡನ್ನು ತಿರಸ್ಕರಿಸಿದರು. ಮುಖಂಡರು ಮತ್ತೆ ಕೋಣೆಗೆ ಹೋದರು. ಅದೇ ವರ್ಷದ ಕೊನೆಗೆ ಹೊಸ ಕರಾರಿಗೆ ಒಪ್ಪಿಗೆ ಸಿಕ್ಕಿತು. ಮತ ಹಾಕಿಸಲೇಬೇಕೆಂದು ಅಲ್ಲಿನ ಸರ್ಕಾರಿ ಕಾನೂನೂ ಹೇಳುವುದಿಲ್ಲ. ಸಂಘಗಳು ತಮ್ಮ ನಿಯಮಾವಳಿಯಲ್ಲಿ ತಾವೇ ಬರೆದುಕೊಂಡಿದ್ದಾರೆ.

ನಮ್ಮ ಕಾನೂನು ಏನನ್ನುತ್ತದೆ? 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ಎರಡು ಬಗೆಯ ಒಪ್ಪಂದ ಇತ್ತು. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಎದುರು ಆದರೆ 12(3), ಅದು ಸಂಸ್ಥೆಯ ಎಲ್ಲ ನೌಕರರಿಗೂ ಕಟ್ಟು, ಸಂಘದಲ್ಲಿ ಇಲ್ಲದವನಿಗೂ, ನಾಳೆ ಸೇರುವವನಿಗೂ. ಅಧಿಕಾರಿ ಇಲ್ಲದೆ ಇಬ್ಬರೇ ಕೂತು ಮಾಡಿಕೊಂಡರೆ 18(1), ಅದು ಸಹಿ ಹಾಕಿದ ಪಕ್ಷದವರಿಗೆ ಮಾತ್ರ. ಅಂದರೆ ನಿಮ್ಮ ಪರವಾಗಿ ಯಾರೋ ಹಾಕಿದ ಸಹಿ ನಿಮ್ಮನ್ನು ಕಟ್ಟಿಹಾಕಬಹುದು, ಆದರೆ ನಿಮ್ಮನ್ನು ಕೇಳಬೇಕೆಂದಿಲ್ಲ. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಹಲವು ಸಂಘಗಳಿದ್ದಲ್ಲಿ ಶೇಕಡಾ 51 ನೌಕರರ ಬೆಂಬಲ ಇರುವ ಸಂಘವೇ ಮಾತುಕತೆಗೆ ಕೂರುವುದು, ಅಂಥದ್ದು ಇಲ್ಲದಿದ್ದರೆ ಶೇಕಡಾ 20ಕ್ಕೊಬ್ಬರಂತೆ ಮಂಡಳಿ. ಯಾರು ಕೂರಬೇಕು ಅನ್ನುವುದು ಅಷ್ಟರಮಟ್ಟಿಗೆ ಸ್ಪಷ್ಟವಾಯಿತು. ಎದ್ದು ಬಂದ ಮೇಲೆ ಕರಡನ್ನು ನೌಕರರ ಮತಕ್ಕೆ ಹಾಕಬೇಕು ಅನ್ನುವ ಕಡ್ಡಾಯ ಅದರಲ್ಲೂ ಇಲ್ಲ.

ಹಾಗಾದರೆ ಸಂಘವೇ ಬೇಡ, ನಾವೇ ಮಾತಾಡಿಕೊಳ್ಳುತ್ತೇವೆ ಅನ್ನುವವರಿಗೆ ಬೆಂಗಳೂರಿನ ಕಿಂಗ್‌ಫಿಷರ್ ಕಥೆ ನೆನಪಿರಲಿ. 2012ರಲ್ಲಿ ತಿಂಗಳುಗಟ್ಟಲೆ ಸಂಬಳ ಬಾಕಿ. ಅಕ್ಟೋಬರ್ 20ಕ್ಕೆ ಲೈಸೆನ್ಸ್ ಅಮಾನತಾಯಿತು. ಆ ತಿಂಗಳ ಕೊನೆಯಲ್ಲಿ ಬಾಕಿ ಸಂಬಳವನ್ನು ಕಂತಿನಲ್ಲಿ ಕೊಡುತ್ತೇವೆ ಅನ್ನುವ ಭರವಸೆ ನಂಬಿ ನೌಕರರು ಕೆಲಸಕ್ಕೆ ಮರಳಲು ಒಪ್ಪಿದರು. ವಿಮಾನ ಮತ್ತೆ ಹಾರಲೇ ಇಲ್ಲ.

ಈಗ ಆಟವೇ ಬದಲಾಗಿದೆ. 2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾ ಕೈಗೆ ಹೋಯಿತು. ಒಂದು ವರ್ಷ ಯಾರನ್ನೂ ತೆಗೆಯುವಂತಿಲ್ಲ, ಆಮೇಲೆ ತೆಗೆಯುವುದಾದರೆ ವಿಆರ್‌ಎಸ್ ಕೊಡಬೇಕು ಅನ್ನುವ ಷರತ್ತು ಇತ್ತು. ಸರ್ಕಾರ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದರಿಂದ ಅದು ಎಲ್ಲರಿಗೂ ತಿಳಿಯಿತು. ನೆಲದ ಕೆಲಸದ ಕಂಪನಿ, ಎಐ ಏರ್‌ಪೋರ್ಟ್ ಸರ್ವಿಸಸ್, ಆ ಮಾರಾಟದಲ್ಲಿ ಸೇರಿರಲಿಲ್ಲ. ಕಂಪನಿ ಬೇರೆಯಾದರೆ ಕರಾರೂ ಬೇರೆ. ಹಳೆಯ ಸಂಘಗಳು ದಶಕಗಟ್ಟಲೆ ಗುದ್ದಾಡಿ ಬರೆಸಿದ ಸಾಲುಗಳು ಅಲ್ಲಿನ ಹೊಸ ಹುಡುಗನಿಗೆ ತಾಗುವುದೇ ಇಲ್ಲ.

ಆ ಕಂಪನಿಯ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಹ್ಯಾಂಡಿಮ್ಯಾನ್, ರ‍್ಯಾಂಪ್ ಡ್ರೈವರ್, ಕಸ್ಟಮರ್ ಸರ್ವಿಸ್. ಹ್ಯಾಂಡಿಮ್ಯಾನಿಗೆ ಹತ್ತನೇ ತರಗತಿ ಸಾಕು. ಕೆಳಗೆ ಒಂದು ಸಾಲು: ಮೂರು ವರ್ಷದ ನಿಗದಿತ ಅವಧಿಯ ಗುತ್ತಿಗೆ. ಇವನ ಕರಾರಿಗೆ ದಿಲ್ಲಿಯ ಕೋಣೆ ಬೇಕಿಲ್ಲ, ಮುಖಂಡನೂ ಬೇಕಿಲ್ಲ. ಅಚ್ಚಾದ ಕಾಗದ ಮುಂದೆ ಬರುತ್ತದೆ, ಇಲ್ಲಿ ಸಹಿ ಹಾಕು ಅನ್ನುತ್ತಾರೆ, ಹಾಕುತ್ತಾನೆ. ಮೂರನೇ ವರ್ಷ ಮುಗಿಯುತ್ತಾ ಬಂದ ಹಾಗೆ ಸಂಘ ಕಟ್ಟುವ ಮಾತು ಬಂದರೆ, ಮೊದಲು ನನ್ನದು ರಿನ್ಯೂವಲ್ ಆಗಲಿ ಅಂತ ಬಾಯಿ ಮುಚ್ಚಿಕೊಳ್ಳುತ್ತಾನೆ. 2010ರಲ್ಲಿ ಬಾಯಿ ಮುಚ್ಚಿಸಲಿಕ್ಕೆ ಆಜ್ಞೆ ಹೊರಡಿಸಬೇಕಾಗಿತ್ತು.

ಮರವೂರು ಸೇತುವೆ ಬಂದಾಗ ಕಂಡಕ್ಟರು ಏರ್‌ಪೋರ್ಟ್, ಏರ್‌ಪೋರ್ಟ್ ಅಂತ ಕೂಗುತ್ತಾನೆ. ಹುಡುಗರು ಎದ್ದು ಜಾಕೆಟ್ ಹಾಕಿಕೊಳ್ಳುತ್ತಾರೆ. ಆ ಕಾಗದದ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಂಡಿದ್ದೀಯಾ ಅಂತ, ಪರಿಚಯ ಇದ್ದವರು ಒಮ್ಮೆ ಕೇಳಿ ನೋಡಿ.